ಸುಳ್ಳು ವಿದಾಯಕ್ಕೆ ಮಣಿಯದ ರೂಟರ್: ಮನೆ ವೈಫೈ ಭದ್ರತೆಯ ಸಮೀಕ್ಷೆ

ಮೆಲ್ಕಾರ್ ಜಂಕ್ಷನ್ನಿನಲ್ಲಿ ನಿಂತು ಮೊಬೈಲಿನ ವೈಫೈ ಪಟ್ಟಿ ತೆರೆದರೆ ಹೆಸರುಗಳ ಸಾಲು ಪರದೆಯಲ್ಲಿ ಹಿಡಿಸುವುದಿಲ್ಲ. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ಕ್ಕೆ ಕೊಣಾಜೆ, ಮುಡಿಪು ಕಡೆಯ ರಸ್ತೆ ಬಂದು ಸೇರುವ ಜಾಗ ಇದು. ಅಂಗಡಿ, ಕ್ಲಿನಿಕ್, ಫ್ಲಾಟುಗಳು ಒತ್ತೊತ್ತಾಗಿವೆ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಅಡಿಕೆ ತೋಟದ ನಡುವೆ ಒಂಟಿ ಮನೆಗಳು. ಅಲ್ಲಿಗೂ ಕಂಬದಿಂದ ಕಂಬಕ್ಕೆ ಫೈಬರ್ ಎಳೆದಾಗಿದೆ. 2020ರ ಕೋವಿಡ್ ಕಾಲದಲ್ಲಿ ಮಕ್ಕಳ ಪಾಠಕ್ಕೆಂದು ಹಾಕಿಸಿದ ವೈಫೈ ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹಳ್ಳಿಮನೆಗಳಲ್ಲಿ ಹತ್ತಾರು ಕೆಲಸಕ್ಕೆ ನಿಂತಿದೆ. ಬೆಂಗಳೂರಿನ ಕಂಪೆನಿಗೆ ಮನೆಯಿಂದಲೇ ದುಡಿಯುವವರು, ಕೊಲ್ಲಿ ದೇಶದಲ್ಲಿರುವ ಮಗನಿಗೆ ರಾತ್ರಿ ವೀಡಿಯೊ ಕಾಲ್ ಮಾಡುವ ತಾಯಂದಿರು, ಅಂಗಳದಲ್ಲಿ ಒಣಗುವ ಅಡಿಕೆಗೆ ಕ್ಯಾಮೆರಾ ಕಾವಲು ಇಟ್ಟವರು, ಎಲ್ಲರೂ ಅದನ್ನೇ ನಂಬಿದ್ದಾರೆ.

ಹಾಗಿರುವಾಗ ಒಂದು ಪ್ರಶ್ನೆಯನ್ನು ಗಂಭೀರವಾಗಿ ಕೇಳಬೇಕಾಗಿದೆ. ಪಾಸ್‌ವರ್ಡ್ ಗೊತ್ತಿಲ್ಲದ ಹೊರಗಿನವನೊಬ್ಬ ಕಾಂಪೌಂಡ್ ಗೋಡೆಯಾಚೆ ನಿಂತು ನಮ್ಮ ಮನೆಯ ವೈಫೈಯನ್ನು ಕಡಿದುಹಾಕಬಲ್ಲನೇ? ಹಳೆಯ ರೂಟರ್ ಇದ್ದರೆ ಬಹುಮಟ್ಟಿಗೆ ಹೌದು. ಹೊಸ ರೂಟರ್ ಇದ್ದರೆ, ಅದರ ಸೆಟ್ಟಿಂಗ್ ಸರಿಯಾಗಿದ್ದರೆ, ಅದಕ್ಕೆ ಸೇರಿದ ಸಾಧನವೂ ಒಪ್ಪಿದ್ದರೆ, ಸುಲಭವಲ್ಲ. ಡಿಅಥೆಂಟಿಕೇಶನ್, ಚಿಕ್ಕದಾಗಿ ಡಿಆಥ್, ಎಂಬ ಈ ದಾಳಿಯನ್ನು ರೂಟರ್ ಹೇಗೆ ತಡೆಯುತ್ತದೆ, ಪರೀಕ್ಷೆಯ ವೇಳೆ ಆ ತಡೆಯನ್ನು ಹೇಗೆ ಗುರುತಿಸಬೇಕು, ಅದರ ಮಿತಿ ಎಲ್ಲಿದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಹುಟ್ಟಿನಿಂದ ಬಂದ ದೋಷ

ವೈಫೈಗೆ ಆಧಾರವಾದ 802.11 ಮಾನದಂಡ 1997ರಲ್ಲಿ ಬಂತು. ಅದರಲ್ಲಿ ಗಾಳಿಯಲ್ಲಿ ಸಾಗುವ ಸಂದೇಶಗಳು ಮೂರು ಬಗೆ: ನಾವು ಕಳಿಸುವ ಮಾಹಿತಿಯನ್ನು ಹೊತ್ತ ಡೇಟಾ ಫ್ರೇಮ್, ಸರದಿಯನ್ನು ನಿಯಂತ್ರಿಸುವ ಕಂಟ್ರೋಲ್ ಫ್ರೇಮ್, ಸಂಪರ್ಕ ಕಟ್ಟುವ ಮತ್ತು ಬಿಡಿಸುವ ಮ್ಯಾನೇಜ್‌ಮೆಂಟ್ ಫ್ರೇಮ್. ಡಿಅಥೆಂಟಿಕೇಶನ್ ಮೂರನೆಯ ಬಗೆಯದು. ಸಂಪರ್ಕ ಮುಗಿಸುವಾಗ ರೂಟರ್ ಫೋನಿಗೋ ಫೋನ್ ರೂಟರಿಗೋ ಇದನ್ನು ಕಳಿಸುತ್ತದೆ. ಇದು ಅಪ್ಪಣೆ ಕೇಳುವ ಮನವಿಯಲ್ಲ, ಬರೀ ತಿಳಿವಳಿಕೆ. ತಲುಪಿದ ಕೂಡಲೇ ಎದುರಿನವರು ಸಂಪರ್ಕ ಬಿಡಬೇಕು, ಒಲ್ಲೆ ಎನ್ನುವಂತಿಲ್ಲ. ಹಳೆಯ ರೂಪದಲ್ಲಿ ಇದರ ಗಾತ್ರ ಸುಮಾರು 26 ಬೈಟ್: ಕಳಿಸಿದವರ ಮತ್ತು ಪಡೆಯುವವರ ವಿಳಾಸಗಳು, ಜೊತೆಗೆ ಒಂದು ಕಾರಣ ಸಂಖ್ಯೆ.

ತೊಂದರೆ ಇರುವುದು ಕಳಿಸಿದವರ ವಿಳಾಸದಲ್ಲಿ. ಸಹಿಯಿಲ್ಲದ ಪತ್ರದ ಕೆಳಗೆ ಯಾರ ಹೆಸರನ್ನು ಬೇಕಾದರೂ ಬರೆಯಬಹುದಾದಂತೆ, ಈ ಫ್ರೇಮಿನಲ್ಲಿ ಯಾರು ಬೇಕಾದರೂ ರೂಟರಿನ ವಿಳಾಸ ಹಾಕಿ ಕಳಿಸಬಹುದಿತ್ತು. ಆ ವಿಳಾಸ ಗುಟ್ಟಿನದೂ ಅಲ್ಲ. ರೂಟರ್ ತನ್ನ ಹೆಸರು ಸಾರುವ ಬೀಕನ್ ಸಂದೇಶದಲ್ಲಿ, ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಸಲದಂತೆ, ಅದನ್ನು ತಾನೇ ಹೇಳುತ್ತಿರುತ್ತದೆ.

2003ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಬೆಲಾರ್ಡೊ ಮತ್ತು ಸ್ಟೀಫನ್ ಸ್ಯಾವೇಜ್ ಈ ದಾಳಿಯನ್ನು ಪ್ರಯೋಗದಿಂದ ತೋರಿಸಿ ಪ್ರಬಂಧ ಬರೆದರು. ಅವರು ಸೂಚಿಸಿದ ಪರಿಹಾರವೂ ಸರಳ: ಡಿಆಥ್ ಬಂದ ಕೂಡಲೇ ಪಾಲಿಸದೆ ಐದರಿಂದ ಹತ್ತು ಸೆಕೆಂಡ್ ಕಾಯಿರಿ, ಅಷ್ಟರಲ್ಲಿ ಅದೇ ಸಾಧನದಿಂದ ಡೇಟಾ ಬಂದರೆ ಆ ವಿದಾಯ ಸುಳ್ಳೆಂದು ತಿಳಿಯಿರಿ. ಗೂಢಲಿಪಿಯ ನೆರವಿಲ್ಲದೆ ಬರೀ ವಿವೇಚನೆಯಿಂದ ದಾಳಿಯನ್ನು ಹಿಡಿಯುವ ಈ ಉಪಾಯ ಇಂದಿಗೂ ಓದಲು ಯೋಗ್ಯ. 2004ರಲ್ಲಿ ಡಬ್ಲ್ಯೂಪಿಎ2 ಎಂಬ ಭದ್ರತಾ ವಿಧಾನಕ್ಕೆ ತಳಹದಿಯಾದ 802.11ಐ ಬಂದಾಗ ಡೇಟಾ ಫ್ರೇಮಿಗೆ ಎಇಎಸ್ ಗೂಢಲಿಪಿಯ ಗಟ್ಟಿ ಕವಚ ಸಿಕ್ಕಿತು. ಮ್ಯಾನೇಜ್‌ಮೆಂಟ್ ಫ್ರೇಮ್ ಮಾತ್ರ ಬಯಲಲ್ಲೇ ಉಳಿಯಿತು. ಪಾಸ್‌ವರ್ಡ್ ಎಷ್ಟೇ ಬಲವಾಗಿದ್ದರೂ ಡಿಆಥ್ ದಾಳಿಗೆ ಅದು ಅಡ್ಡಿಯಾಗದಿರುವುದಕ್ಕೆ ಕಾರಣ ಇದೇ.

ದಾಳಿಯಿಂದ ಆಗುವ ನಷ್ಟ

ಮೊದಲನೆಯದು ನೇರ ನಷ್ಟ, ಸೇವೆ ನಿಲ್ಲುವುದು. ನಮ್ಮ ಊರಿನ ಮಟ್ಟಿಗೆ ಅತಿ ಹೆಚ್ಚು ಯೋಚಿಸಬೇಕಾದದ್ದು ಕ್ಯಾಮೆರಾಗಳ ಬಗ್ಗೆ. ಚಾಲಿ ಅಡಿಕೆ ಒಣಗಲು 40–45 ದಿನ ಬಿಸಿಲು ಬೇಕು. ಅಷ್ಟು ದಿನವೂ ವರ್ಷದ ದುಡಿಮೆ ಅಂಗಳದಲ್ಲಿ ಹರಡಿಕೊಂಡಿರುತ್ತದೆ. ಅದನ್ನು ಕಾಯಲು ಇಟ್ಟ ಅಗ್ಗದ ವೈಫೈ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಒಂದರಲ್ಲೇ, ಡಬ್ಲ್ಯೂಪಿಎ2 ಮಟ್ಟದಲ್ಲೇ ಕೆಲಸ ಮಾಡುತ್ತವೆ. ಒಳಗೆ ಮೆಮೊರಿ ಕಾರ್ಡ್ ಇಲ್ಲದ ಕ್ಯಾಮೆರಾ ಸಂಪರ್ಕ ಕಳೆದುಕೊಂಡ ಹೊತ್ತಿನಲ್ಲಿ ಏನನ್ನೂ ದಾಖಲಿಸಿಡುವುದಿಲ್ಲ.

ಎರಡನೆಯದು ಪಾಸ್‌ವರ್ಡಿನ ಮೇಲಿನ ದಾಳಿ. ಕಡಿದ ಫೋನ್ ತಾನಾಗಿ ಮತ್ತೆ ಸೇರುವಾಗ ರೂಟರಿನೊಂದಿಗೆ ನಾಲ್ಕು ಸಂದೇಶಗಳ ಕೈಕುಲುಕು ನಡೆಯುತ್ತದೆ. ಅದನ್ನು ಹಿಡಿದಿಟ್ಟುಕೊಂಡವನು ತನ್ನ ಮನೆಯಲ್ಲಿ ಕುಳಿತು ಪಾಸ್‌ವರ್ಡನ್ನು ಊಹಿಸುತ್ತಾ ಹೋಗಬಹುದು. ನಮ್ಮಲ್ಲಿ ಮನೆಯವರ ಮೊಬೈಲ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡುವ ರೂಢಿ ವ್ಯಾಪಕ. ಭಾರತದ ಮೊಬೈಲ್ ನಂಬರ್ 6, 7, 8, 9ರಿಂದಷ್ಟೇ ಶುರುವಾಗುವುದರಿಂದ ಒಟ್ಟು ಸಾಧ್ಯತೆ 400 ಕೋಟಿ. ದೊಡ್ಡದೆನಿಸುವ ಸಂಖ್ಯೆ. ಆದರೆ ಇಂದಿನ ಬಲಿಷ್ಠ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಊಹೆಗಳನ್ನು ಪರೀಕ್ಷಿಸಬಲ್ಲದು. ಹತ್ತು ಲಕ್ಷದ ಲೆಕ್ಕದಲ್ಲೇ 400 ಕೋಟಿ ಮುಗಿಯಲು 4,000 ಸೆಕೆಂಡ್ ಸಾಕು. ಅಂದರೆ ಒಂದು ಗಂಟೆಗಿಂತ ತುಸು ಹೆಚ್ಚು. ಮೂರನೆಯದು, ಅಸಲಿ ವೈಫೈಯನ್ನು ಕಡಿದು ಅದೇ ಹೆಸರಿನ ನಕಲಿ ವೈಫೈ ತೋರಿಸಿ ಮನೆಯವರಿಂದಲೇ ಪಾಸ್‌ವರ್ಡ್ ಬರೆಸಿಕೊಳ್ಳುವ ಮೋಸ.

ರಕ್ಷಣೆ ಹೇಗೆ ಕೆಲಸ ಮಾಡುತ್ತದೆ

ಈ ದೋಷಕ್ಕೆ ಮಾನದಂಡದಲ್ಲೇ ಪರಿಹಾರ ಬಂದದ್ದು 2009ರಲ್ಲಿ, 802.11ಡಬ್ಲ್ಯೂ ಎಂಬ ತಿದ್ದುಪಡಿಯಾಗಿ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಇದು ಪ್ರೊಟೆಕ್ಟೆಡ್ ಮ್ಯಾನೇಜ್‌ಮೆಂಟ್ ಫ್ರೇಮ್ಸ್ ಅಥವಾ ಪಿಎಂಎಫ್ ಎಂಬ ಹೆಸರಿನಲ್ಲಿ ಕಾಣುತ್ತದೆ. ರಕ್ಷಣೆ ಮೂರು ಪದರದ್ದು.

ಒಂದು, ಒಂದೇ ಸಾಧನಕ್ಕೆ ಹೋಗುವ ಡಿಆಥ್ ಮತ್ತು ಅದರಂತೆಯೇ ಸಂಪರ್ಕ ಬಿಡಿಸುವ ಡಿಸ್‌ಅಸೋಸಿಯೇಶನ್ ಫ್ರೇಮುಗಳಿಗೆ ಆ ಸಾಧನ ಹಾಗೂ ರೂಟರ್ ಇಬ್ಬರಿಗೆ ಮಾತ್ರ ಗೊತ್ತಿರುವ ಕೀಲಿಯಿಂದ ಗೂಢಲಿಪಿ. ಕೀಲಿ ಇಲ್ಲದವನ ಫ್ರೇಮ್ ತಲುಪಿದರೂ ಸಾಧನ ಅದನ್ನು ಪಾಲಿಸದೆ ಬಿಟ್ಟುಬಿಡುತ್ತದೆ. ಎರಡು, ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ ಪ್ರಸಾರ ಫ್ರೇಮುಗಳಿಗೆ ಬೇರೊಂದು ಗುಂಪು ಕೀಲಿಯಿಂದ ಲೆಕ್ಕಹಾಕಿದ ಮುದ್ರೆ. ಇಲ್ಲಿ ಮಾಹಿತಿ ಗುಟ್ಟಾಗಿರುವುದಿಲ್ಲ, ಆದರೆ ಕಳಿಸಿದ್ದು ಅಸಲಿ ರೂಟರೇ ಎಂಬುದು ಖಾತ್ರಿಯಾಗುತ್ತದೆ.

ಮೂರನೆಯದಕ್ಕೆ ಎಸ್‌ಎ ಕ್ವೆರಿ ಎಂದು ಹೆಸರು. ಡಿಆಥ್ ನಡೆಯದಾದಾಗ ದಾಳಿಕೋರ ಇನ್ನೊಂದು ದಾರಿ ಹುಡುಕಬಹುದು. ನಿಮ್ಮ ಫೋನಿನ ಹೆಸರಿನಲ್ಲಿ ಹೊಸದಾಗಿ ಸೇರಿಸಿಕೊಳ್ಳಿ ಎಂಬ ಕೋರಿಕೆ ಕಳಿಸಿದರೆ ರೂಟರ್ ಹಳೆಯ ಸಂಪರ್ಕವನ್ನು ಮರೆತುಬಿಡಬಹುದು ಎಂಬುದು ಅವನ ಲೆಕ್ಕ. ಆಗ ಪಿಎಂಎಫ್ ಇರುವ ರೂಟರ್ ‘ಈಗ ಆಗದು, ಸ್ವಲ್ಪ ಹೊತ್ತು ಬಿಟ್ಟು ಬಾ’ ಎಂದು 30ನೇ ಸ್ಥಿತಿ ಸಂಖ್ಯೆಯ ಉತ್ತರ ಕೊಡುತ್ತದೆ. ಅದೇ ಹೊತ್ತಿಗೆ ಹಳೆಯ ಸಂಪರ್ಕದ ಮೂಲಕ, ಗೂಢಲಿಪಿಯಲ್ಲಿ, ಇನ್ನೂ ಇದ್ದೀಯಾ ಎಂದು ಅಸಲಿ ಫೋನನ್ನು ವಿಚಾರಿಸುತ್ತದೆ. ಉತ್ತರ ಬಂದರೆ ಹಳೆಯ ಸಂಪರ್ಕ ಹಾಗೆಯೇ ಉಳಿಯುತ್ತದೆ. ಅಸಲಿ ಫೋನೇ ಆಫ್ ಆಗಿ ಕೀಲಿ ಕಳೆದುಕೊಂಡು ಮತ್ತೆ ಬಂದಿದ್ದರೆ ಉತ್ತರ ಬರುವುದಿಲ್ಲ. ಆಗ ಹೊಸ ಸಂಪರ್ಕಕ್ಕೆ ದಾರಿ ತೆರೆಯುತ್ತದೆ. ಅನೇಕ ರೂಟರುಗಳ ಒಳಗಿರುವ ಹೋಸ್ಟ್‌ಎಪಿಡಿ ತಂತ್ರಾಂಶದಲ್ಲಿ ಹೀಗೆ ಕಾಯುವ ಅವಧಿ ಪೂರ್ವನಿಗದಿಯಂತೆ ಸುಮಾರು ಒಂದು ಸೆಕೆಂಡ್.

2009ರಲ್ಲೇ ಬಂದ ಈ ರಕ್ಷಣೆ ಮನೆಗಳಿಗೆ ತಲುಪಲು ತಡವಾದದ್ದು ಅದು ಐಚ್ಛಿಕವಾಗಿದ್ದುದರಿಂದ. 2018ರಲ್ಲಿ ವೈಫೈ ಅಲಯನ್ಸ್ ಪ್ರಕಟಿಸಿದ ಡಬ್ಲ್ಯೂಪಿಎ3ರಲ್ಲಿ ಪಿಎಂಎಫ್ ಕಡ್ಡಾಯವಾಯಿತು. 2020ರ ಜುಲೈಯಿಂದ ಅಲಯನ್ಸಿನ ಪ್ರಮಾಣಪತ್ರ ಪಡೆಯುವ ಹೊಸ ಸಾಧನಗಳಿಗೆಲ್ಲ ಡಬ್ಲ್ಯೂಪಿಎ3 ಬೇಕೇ ಬೇಕು. ಆಂಡ್ರಾಯ್ಡ್ 10 ಮತ್ತು ಐಒಎಸ್ 13, ಎರಡೂ 2019ರವು, ಇದಕ್ಕೆ ಬೆಂಬಲ ತಂದವು. ಡಬ್ಲ್ಯೂಪಿಎ3ರ ಎಸ್‌ಎಇ ವಿಧಾನದಲ್ಲಿ ಕೈಕುಲುಕನ್ನು ಹಿಡಿದು ಮನೆಯಲ್ಲಿ ಕುಳಿತು ಊಹಿಸುವ ದಾರಿಯೂ ಮುಚ್ಚಿದೆ.

ದಾಳಿ ಸೋತದ್ದು ಏಕೆ ಎಂಬ ಪ್ರಶ್ನೆ

ಭದ್ರತಾ ಪರೀಕ್ಷೆಯಲ್ಲಿ ಅತಿ ಹೆಚ್ಚು ತಪ್ಪು ತೀರ್ಮಾನ ಆಗುವುದು ಇಲ್ಲಿ. ಪರೀಕ್ಷಕ ಡಿಆಥ್ ಫ್ರೇಮ್ ಕಳಿಸುತ್ತಾನೆ, ಫೋನಿನ ಸಂಪರ್ಕ ಕಡಿಯುವುದಿಲ್ಲ, ರೂಟರ್ ಗಟ್ಟಿ ಎಂದು ವರದಿ ಬರೆಯುತ್ತಾನೆ. ದಾಳಿ ಸೋಲಲು ಕನಿಷ್ಠ ಐದು ಕಾರಣಗಳಿರಬಹುದು. ಅವುಗಳಲ್ಲಿ ಒಂದು ಮಾತ್ರ ನಿಜವಾದ ರಕ್ಷಣೆ.

ಆ ಒಂದು, ಪಿಎಂಎಫ್. ಎರಡನೆಯ ಕಾರಣ, ಪ್ರಸಾರ ಡಿಆಥ್ ಅನ್ನು ಅನೇಕ ಸಾಧನಗಳ ಡ್ರೈವರುಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೇ ಫ್ರೇಮನ್ನು ಆ ಸಾಧನದ ವಿಳಾಸಕ್ಕೆ ನೇರವಾಗಿ ಕಳಿಸಿದರೆ ಸಂಪರ್ಕ ಕಡಿಯುತ್ತದೆ. ಮೂರನೆಯದು, ಎರಡೂ ಬ್ಯಾಂಡಿಗೆ ಒಂದೇ ಹೆಸರಿಟ್ಟ ರೂಟರ್ ಫೋನನ್ನು 5 ಗಿಗಾಹರ್ಟ್ಸಿಗೆ ಸರಿಸಿರುತ್ತದೆ, ಪರೀಕ್ಷಕನ ಅಡಾಪ್ಟರ್ 2.4ರಲ್ಲೇ ಕೂಗುತ್ತಿರುತ್ತದೆ. ನಾಲ್ಕನೆಯದು, ಸಂಪರ್ಕ ಕಡಿದು ಕ್ಷಣದಲ್ಲಿ ಮತ್ತೆ ಕೂಡಿರುತ್ತದೆ. ಮುಂಚಿತವಾಗಿ ತುಂಬಿಕೊಂಡ ವೀಡಿಯೊ ನಿಲ್ಲದೆ ಓಡುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಕೈಕುಲುಕು ಅಷ್ಟರಲ್ಲಿ ದಾಳಿಕೋರನ ಕೈಸೇರಿರುತ್ತದೆ. ಐದನೆಯದು ನಮ್ಮ ಕಡೆಗೆ ವಿಶೇಷವಾಗಿ ಹೊಂದುವಂಥದ್ದು: ಕೆಂಪುಕಲ್ಲಿನ ದಪ್ಪ ಗೋಡೆ ಮತ್ತು ದೂರ. ಪರೀಕ್ಷಕನ ಸಿಗ್ನಲ್ ಒಳಗಿನ ಫೋನಿಗೆ ತಲುಪಿಯೇ ಇರುವುದಿಲ್ಲ. ಕಿಟಕಿಯ ಬದಿಗೆ ಬಂದರೆ ಫಲಿತಾಂಶ ಬದಲಾಗುತ್ತದೆ.

ಆದ್ದರಿಂದ ಪರೀಕ್ಷೆ ಎಂದರೆ ಫ್ರೇಮ್ ಎಸೆದು ನೋಡುವುದಷ್ಟೇ ಅಲ್ಲ. ಒಂದೂ ಡಿಆಥ್ ಕಳಿಸದೆಯೇ ಅರ್ಧ ಉತ್ತರ ಸಿಗುತ್ತದೆ. ರೂಟರಿನ ಬೀಕನ್ನಿನಲ್ಲಿ ಆರ್‌ಎಸ್‌ಎನ್ ಎಂಬ ಭಾಗವಿದೆ. ಅದರ ಸಾಮರ್ಥ್ಯ ಪಟ್ಟಿಯಲ್ಲಿ ಪಿಎಂಎಫ್ ಸಾಧ್ಯ ಎನ್ನುವುದಕ್ಕೆ ಒಂದು ಬಿಟ್, ಕಡ್ಡಾಯ ಎನ್ನುವುದಕ್ಕೆ ಇನ್ನೊಂದು. ವೈರ್‌ಶಾರ್ಕ್‌ನಂಥ ಉಚಿತ ತಂತ್ರಾಂಶದಲ್ಲಿ ಎರಡನ್ನೂ ಓದಬಹುದು. ಸಾಧನ ಸೇರುವಾಗ ಕಳಿಸುವ ಕೋರಿಕೆಯಲ್ಲೂ ಅದೇ ಬಿಟ್‌ಗಳಿವೆ. ಇಬ್ಬರೂ ಹೌದು ಎಂದಿದ್ದರೆ ಮಾತ್ರ ರಕ್ಷಣೆ ಜಾರಿಯಲ್ಲಿದೆ. ಆಮೇಲೆ ಸ್ವಂತ ಜಾಲದ ಮೇಲೆ ದಾಳಿ ನಡೆಸಿ ನೋಡುವಾಗ ಎಸ್‌ಎ ಕ್ವೆರಿ ಪ್ರಶ್ನೋತ್ತರ ಗಾಳಿಯಲ್ಲಿ ಕಂಡರೆ, ರೂಟರಿನ ಲಾಗ್‌ನಲ್ಲಿ ಮರುಸಂಪರ್ಕದ ದಾಖಲೆ ಇಲ್ಲದಿದ್ದರೆ, ಆಗ ತಡೆ ನಿಜವೆಂದು ಧೈರ್ಯವಾಗಿ ಬರೆಯಬಹುದು.

ಇದರಿಂದ ಹೊರಡುವ ಮುಖ್ಯ ಮಾತೆಂದರೆ, ರಕ್ಷಣೆ ರೂಟರಿನ ಒಂಟಿ ಗುಣವಲ್ಲ. ಅದು ರೂಟರ್ ಮತ್ತು ಪ್ರತಿಯೊಂದು ಸಾಧನದ ನಡುವೆ ಬೇರೆಬೇರೆಯಾಗಿ ಆಗುವ ಒಪ್ಪಂದ. ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡನ್ನೂ ಬಿಡುವ ಮಿಶ್ರ ವಿಧಾನದಲ್ಲಿ ಪಿಎಂಎಫ್ ಐಚ್ಛಿಕವಾಗಿರುತ್ತದೆ. ಅಲ್ಲಿ ಒಂದೇ ಮನೆಯ, ಒಂದೇ ರೂಟರಿನ, ಒಂದೇ ಹೆಸರಿನ ವೈಫೈಯಲ್ಲಿ ಹೊಸ ಫೋನ್ ದಾಳಿಗೆ ಜಗ್ಗದೆ ನಿಲ್ಲುತ್ತದೆ, ಅಂಗಳದ ಹಳೆಯ ಕ್ಯಾಮೆರಾ ಉದುರುತ್ತದೆ. ಫೋನ್ ಹಿಡಿದು ಪರೀಕ್ಷಿಸಿದವನ ವರದಿ ಒಂದು, ಕ್ಯಾಮೆರಾ ನೋಡಿ ಪರೀಕ್ಷಿಸಿದವನ ವರದಿ ಇನ್ನೊಂದು, ಎರಡೂ ಸತ್ಯ. ರೂಟರ್ ಸುರಕ್ಷಿತವೇ ಎಂದು ಕೇಳುವ ಬದಲು ಯಾವ ಸಾಧನದ ಸಂಪರ್ಕ ಸುರಕ್ಷಿತ ಎಂದು ಕೇಳಬೇಕು.

ಕವಚದ ಮಿತಿಗಳು

ಪಿಎಂಎಫ್ ಇದ್ದರೆ ಎಲ್ಲ ಮುಗಿಯಿತು ಎಂದು ತಿಳಿಯುವುದೂ ತಪ್ಪು. ಬೆಲ್ಜಿಯಂನ ಕೆಯು ಲ್ಯೂವೆನ್ ವಿಶ್ವವಿದ್ಯಾಲಯದ ಮ್ಯಾಥಿ ವಾನ್‌ಹೂಫ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಈ ರಕ್ಷಣೆಯನ್ನೇ ಪರೀಕ್ಷೆಗೊಡ್ಡಿತು. ಮಾನದಂಡದಲ್ಲೂ ತಯಾರಕರ ಅಳವಡಿಕೆಯಲ್ಲೂ ಉಳಿದಿರುವ ಸಂದುಗಳ ಮೂಲಕ ಪಿಎಂಎಫ್ ಇದ್ದಾಗಲೂ ಸಂಪರ್ಕ ಕಡಿಯಬಹುದಾದ ದಾರಿಗಳನ್ನು ಅದು ತೋರಿಸಿತು. ಬೀಕನ್ನಿಗೆ ರಕ್ಷಣೆ ಇಲ್ಲದ ಕಡೆ ಚಾನೆಲ್ ಬದಲಿಸಿ ಎಂಬ ಸುಳ್ಳು ಸೂಚನೆ ಕೊಟ್ಟು ಸಾಧನವನ್ನು ದಾರಿತಪ್ಪಿಸಬಹುದು. ಇದಕ್ಕೆ ಉತ್ತರವಾಗಿ ಬೀಕನ್ನಿಗೂ ಮುದ್ರೆ ಹಾಕುವ ವ್ಯವಸ್ಥೆ ಮಾನದಂಡಕ್ಕೆ ಸೇರಿದೆ.

2020ರಲ್ಲಿ ಇಸೆಟ್ ಸಂಸ್ಥೆ ಬಯಲಿಗಿಟ್ಟ ಕ್ರೂಕ್ ಎಂಬ ದೋಷ ಇನ್ನೂ ಸೂಕ್ಷ್ಮದ್ದು. ಬ್ರಾಡ್‌ಕಾಮ್ ಮತ್ತು ಸೈಪ್ರೆಸ್ ಕಂಪೆನಿಗಳ ಕೆಲವು ವೈಫೈ ಚಿಪ್‌ಗಳು ಸಂಪರ್ಕ ಕಡಿದ ಕೂಡಲೇ ಕೀಲಿಯನ್ನು ಸೊನ್ನೆಗಳಾಗಿ ಅಳಿಸುತ್ತಿದ್ದವು. ಕಳಿಸಲು ಬಾಕಿ ಉಳಿದಿದ್ದ ಡೇಟಾ ಆ ಸೊನ್ನೆಗಳ ಕೀಲಿಯಲ್ಲೇ ಹೊರಗೆ ಹೋಗುತ್ತಿತ್ತು. ಸಂಪರ್ಕ ಕಡಿಸುವುದು ಬರೀ ತೊಂದರೆಯಷ್ಟೇ ಅಲ್ಲ, ಗುಟ್ಟು ಸೋರುವ ದಾರಿಯೂ ಆಗಬಲ್ಲದು ಎಂದು ಇದು ತೋರಿಸಿತು. ಫರ್ಮ್‌ವೇರ್ ಅಪ್‌ಡೇಟಿನಿಂದ ಇದಕ್ಕೆ ಪರಿಹಾರ ಸಿಕ್ಕಿತು. ಅಪ್‌ಡೇಟ್ ಏಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇನ್ನು 2018ರಲ್ಲಿ ಪ್ರಕಟವಾದ ಪಿಎಂಕೆಐಡಿ ವಿಧಾನದಲ್ಲಿ ಪಾಸ್‌ವರ್ಡ್ ಊಹಿಸಲು ಬೇಕಾದ ಸಾಮಗ್ರಿ, ಯಾರನ್ನೂ ಕಡಿಯದೆಯೇ, ಅನೇಕ ಡಬ್ಲ್ಯೂಪಿಎ2 ರೂಟರುಗಳಿಂದ ನೇರವಾಗಿ ಸಿಗುತ್ತದೆ. ಹಾಗಾಗಿ ಡಿಆಥ್ ತಡೆದ ಮಾತ್ರಕ್ಕೆ ಮೊಬೈಲ್ ನಂಬರಿನ ಪಾಸ್‌ವರ್ಡ್ ಉಳಿಯದು. ಕೊನೆಯ ಮಿತಿ ಭೌತವಿಜ್ಞಾನದ್ದು. ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸುವ ಜಾಮರ್ ಎದುರು ಯಾವ ಗೂಢಲಿಪಿಯೂ ನಿಲ್ಲುವುದಿಲ್ಲ. ಎಂದಿಗೂ ಕಡಿಯಬಾರದ ಸಂಪರ್ಕಕ್ಕೆ ತಂತಿಯೇ ಗತಿ.

ಕಾನೂನು, ಪ್ರಮಾಣೀಕರಣ

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲಿ, 5 ಗಿಗಾಹರ್ಟ್ಸಿನ ವಿಸ್ತೃತ ಪಟ್ಟಿ 2018ರಲ್ಲಿ ಲೈಸೆನ್ಸಿನಿಂದ ಮುಕ್ತವಾದವು. ಬಳಸಲು ಲೈಸೆನ್ಸ್ ಬೇಡ ಎಂದರೆ ಬೇರೆಯವರ ಜಾಲ ಕಡಿಯಲು ಅನುಮತಿ ಇದೆ ಎಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ 43ನೇ ಸೆಕ್ಷನ್, ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ಜಾಲಕ್ಕೆ ಅಡ್ಡಿ ಮಾಡುವುದನ್ನೂ ಅಧಿಕೃತ ಬಳಕೆದಾರರಿಗೆ ಪ್ರವೇಶ ತಪ್ಪಿಸುವುದನ್ನೂ ಹೆಸರಿಸಿದೆ. ದುರುದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮರ್ ಬಳಕೆ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲಿ ಮತ್ತೆ ನೆನಪಿಸಿತ್ತು.

ಅಮೆರಿಕದ ಒಂದು ಪ್ರಕರಣ ಈ ವಿಷಯದಲ್ಲಿ ಮೇಲ್ಪಂಕ್ತಿ. ನ್ಯಾಶ್‌ವಿಲ್ ನಗರದ ಗೇಲಾರ್ಡ್ ಓಪ್ರಿಲ್ಯಾಂಡ್ ಹೋಟೆಲಿನಲ್ಲಿ ಅತಿಥಿಗಳು ತಮ್ಮದೇ ಮೊಬೈಲ್ ಹಾಟ್‌ಸ್ಪಾಟ್ ಬಳಸದಂತೆ ಡಿಆಥ್ ಫ್ರೇಮ್ ಕಳಿಸಿದ ಪ್ರಕರಣದಲ್ಲಿ, ಅದನ್ನು ನಡೆಸುತ್ತಿದ್ದ ಮ್ಯಾರಿಯಟ್ ಸಂಸ್ಥೆ 2014ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿಗೆ 6 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಕಟ್ಟಡ ನನ್ನದಾದರೂ ಅದರೊಳಗಿನ ಗಾಳಿಯಲ್ಲಿ ಇತರರ ಸಂಪರ್ಕ ಕಡಿಯುವ ಹಕ್ಕು ನನಗಿಲ್ಲ ಎಂಬುದು ಅದರ ಪಾಠ.

ರೂಟರ್ ಮಾರುಕಟ್ಟೆಗೆ ಬರುವ ಮೊದಲೇ ಪರೀಕ್ಷಿಸುವ ಕೆಲಸದಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. ದೂರಸಂಪರ್ಕ ಇಲಾಖೆಯ ರಾಷ್ಟ್ರೀಯ ಸಂಪರ್ಕ ಭದ್ರತಾ ಕೇಂದ್ರ, ಅಂದರೆ ಎನ್‌ಸಿಸಿಎಸ್, ಇರುವುದು ಬೆಂಗಳೂರಿನಲ್ಲಿ. ಐಟಿಎಸ್‌ಎಆರ್ ಎಂಬ ಭದ್ರತಾ ಅಗತ್ಯಗಳ ದಾಖಲೆಗಳನ್ನು ಅದು ಸಿದ್ಧಪಡಿಸುತ್ತದೆ. ಅವುಗಳಿಗೆ ತಕ್ಕಂತೆ ಪ್ರಯೋಗಾಲಯಗಳಲ್ಲಿ ಉಪಕರಣಗಳ ಪರೀಕ್ಷೆ ನಡೆಯುತ್ತದೆ. ಮನೆಗೆ ಕೊಡುವ ವೈಫೈ ಉಪಕರಣಗಳೂ ಈ ಯೋಜನೆಗೆ ಮೊದಲ ಹಂತದಲ್ಲೇ ಸೇರಿದವು. ಪ್ರಮಾಣಪತ್ರ ಉಪಕರಣದ ಸಾಮರ್ಥ್ಯವನ್ನು ಹೇಳುತ್ತದೆ. ಆದರೆ ಆ ಸಾಮರ್ಥ್ಯವನ್ನು ಮನೆಯಲ್ಲಿ ಆನ್ ಮಾಡಿದ್ದಾರೆಯೇ ಎಂಬುದನ್ನು ಬೆಂಗಳೂರಿನ ಪ್ರಯೋಗಾಲಯ ನೋಡಲಾಗದು. ಅದು ನಮ್ಮ ಕೆಲಸ.

ನಮ್ಮ ಊರಿನಲ್ಲಿ ಮಾಡಬಹುದಾದದ್ದು

ನೆಟ್ ಹೋದಾಗಲೆಲ್ಲ ದಾಳಿ ಎಂದು ಹೆದರಬೇಕಾಗಿಲ್ಲ. ಕರಾವಳಿಯಲ್ಲಿ ಗಾಳಿಮಳೆಗೆ ಮರ ಬಿದ್ದು ಫೈಬರ್ ತುಂಡಾಗುವುದು, ಕರೆಂಟ್ ಹೋಗಿ ಬರುವುದು, ಸಿಡಿಲಿಗೆ ರೂಟರ್ ಸುಡುವುದು ಇವೇ ಹೆಚ್ಚು. ಡಬ್ಬಿಯಲ್ಲಿ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ತೊಂದರೆ ಫೈಬರಿನದು. ಲ್ಯಾನ್ ತಂತಿಯಲ್ಲಿ ನೆಟ್ ಸರಿಯಿದ್ದು ವೈಫೈಯಲ್ಲಿ ಮಾತ್ರ ಎಲ್ಲವೂ ಮತ್ತೆ ಮತ್ತೆ ಕಡಿಯುತ್ತಿದ್ದರೆ, ಅದೂ ರೂಟರಿನ ಹತ್ತಿರವೇ ಇರುವ ಸಾಧನಗಳು ಒಟ್ಟಿಗೆ ಉದುರುತ್ತಿದ್ದರೆ, ಆಗ ಲಾಗ್ ತೆಗೆದು ನೋಡಬೇಕು. ದಾಳಿ ಎಂಬುದಕ್ಕೆ ಆಧಾರ ಸಿಕ್ಕರೆ ದಿನಾಂಕ, ಸಮಯದ ಸಮೇತ ಬರೆದಿಟ್ಟುಕೊಂಡು ಸೈಬರ್ ಪ್ರಕರಣಗಳನ್ನು ನೋಡುವ ಜಿಲ್ಲೆಯ ಸೆನ್ ಅಪರಾಧ ಠಾಣೆಗೆ ದೂರು ಕೊಡಬಹುದು.

ರಕ್ಷಣೆಗೆ ಬೇಕಾದದ್ದು ದೊಡ್ಡ ಖರ್ಚಲ್ಲ. ಮನೆಯ ಫೋನ್, ಲ್ಯಾಪ್‌ಟಾಪ್‌ಗಳಿಗೆ ಡಬ್ಲ್ಯೂಪಿಎ3 ಮಾತ್ರ ಇರುವ, ಪಿಎಂಎಫ್ ಕಡ್ಡಾಯ ಮಾಡಿದ ಮುಖ್ಯ ಜಾಲ. ಹಳೆಯ ಕ್ಯಾಮೆರಾ, ಟಿವಿಗಳಿಗೆ ಬೇರೆ ಹೆಸರಿನ, ಬೇರೆ ಪಾಸ್‌ವರ್ಡಿನ ಎರಡನೆಯ ಜಾಲ. ಮೊಬೈಲ್ ನಂಬರಿನ ಬದಲು ನಾಲ್ಕೈದು ಪದಗಳ ಉದ್ದನೆಯ ಪಾಸ್‌ವರ್ಡ್. ಅಡಿಕೆ ಅಂಗಳದ ಕ್ಯಾಮೆರಾಕ್ಕೆ ಸಾಧ್ಯವಿದ್ದರೆ ತಂತಿ, ಇಲ್ಲವಾದರೆ ಒಳಗೊಂದು ಮೆಮೊರಿ ಕಾರ್ಡ್. ಕೇಬಲಿನವರು ಕೊಟ್ಟ ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಅವರ ಬಳಿಯೇ ಇದ್ದರೆ, ಪಿಎಂಎಫ್ ಆನ್ ಮಾಡಿಕೊಡಿ ಎಂದು ಹಕ್ಕಿನಿಂದ ಕೇಳಬೇಕು. ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯ ಮನೆಗೆ ಕೇಬಲಿನವರು ತಾವಾಗಿಯೇ ಮಾಡಿಕೊಡುತ್ತಾರೆ.

ಸುರತ್ಕಲ್‌ನ ಎನ್‌ಐಟಿಕೆ, ಮೂಡುಬಿದಿರೆ ಬಳಿಯ ಮಿಜಾರು, ಉಜಿರೆ, ಪುತ್ತೂರು ಎಂದು ಎಂಜಿನಿಯರಿಂಗ್ ಕಾಲೇಜುಗಳು ನಮ್ಮ ಸುತ್ತಲೂ ಇವೆ. ಅಲ್ಲಿನ ಕಂಪ್ಯೂಟರ್ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ದಾಳಿಯ ಉಪಕರಣಗಳ ಹೆಸರು ಬಾಯಿಪಾಠ. ಆ ಕುತೂಹಲಕ್ಕೆ ಒಳ್ಳೆಯ ದಾರಿ ತೋರಿಸಬೇಕು. ಮನೆಯವರ ಲಿಖಿತ ಒಪ್ಪಿಗೆ ಪಡೆದು, ಬೀಕನ್ ಓದಿ, ಯಾವ ಸಾಧನಕ್ಕೆ ರಕ್ಷಣೆ ಇದೆ, ಯಾವುದಕ್ಕಿಲ್ಲ ಎಂಬ ಒಂದು ಪುಟದ ವರದಿಯನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸವನ್ನು ಕಾಲೇಜುಗಳು ಪ್ರಾಜೆಕ್ಟ್ ಆಗಿ ಒಪ್ಪಿಕೊಳ್ಳಲಿ. ಇದಕ್ಕೆ ಒಂದೂ ಡಿಆಥ್ ಫ್ರೇಮ್ ಕಳಿಸಬೇಕಾಗಿಲ್ಲ, ಯಾರ ಸಂಪರ್ಕವೂ ಕಡಿಯಬೇಕಾಗಿಲ್ಲ. 2009ರಲ್ಲೇ ಸಿದ್ಧವಾದ ರಕ್ಷಣೆ ಇಷ್ಟು ವರ್ಷ ಕಳೆದ ಮೇಲೂ ಅನೇಕ ಮನೆಗಳಲ್ಲಿ ಆಫ್ ಆಗಿಯೇ ಉಳಿದಿದ್ದರೆ, ಕೊರತೆ ತಂತ್ರಜ್ಞಾನದ್ದಲ್ಲ; ಅದನ್ನು ಜನರ ಭಾಷೆಯಲ್ಲಿ ಅವರ ಮನೆಬಾಗಿಲಿಗೆ ಮುಟ್ಟಿಸುವವರದು. ಆ ಕೊರತೆ ತುಂಬಲು ಬೇಕಾದ ವಿದ್ಯೆಯೂ ವಿದ್ಯಾರ್ಥಿಗಳೂ ಇದೇ ಮೂರು ತಾಲೂಕುಗಳ ಆಸುಪಾಸಿನಲ್ಲಿದ್ದಾರೆ.